ಓದುಗರ ಪ್ರಶ್ನೆ: ವೆಸ್ಟ್‌ಪೋರ್ಟಿಗೆ ಹೋಗುವವರಿಗೆ, ಅಲ್ಲೇ ಇರುವವರಿಗೆ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಯೋ ಕೌಂಟಿಯಲ್ಲಿರುವ ವೆಸ್ಟ್‌ಪೋರ್ಟ್ 1780ರ ದಶಕದಲ್ಲಿ ನಕ್ಷೆ ಹಾಕಿ ಕಟ್ಟಿದ ಊರು. ಇಂದು ಅದು ಪರಂಪರೆ ಪಟ್ಟಣ. ಪ್ರವಾಸ ಹೊರಟವರು, ಕೆಲಸದ ಮೇಲೆ ಅಲ್ಲಿ ನೆಲೆಸಿರುವವರು ಇಬ್ಬರೂ ಪ್ರಶ್ನೆ ಕಳಿಸಿದ್ದಾರೆ. ಎರಡನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಮಗಳು ಕ್ಯಾಸಲ್‌ಬಾರ್‌ನ ಆಸ್ಪತ್ರೆಯಲ್ಲಿ ನರ್ಸ್. ನಾವಿಬ್ಬರೂ ಮೂರು ವಾರ ಹೋಗಿ ಹತ್ತಿರದ ವೆಸ್ಟ್‌ಪೋರ್ಟಿನಲ್ಲಿ ಉಳಿಯುವ ಯೋಚನೆ. ಜರ್ಮನಿಯಲ್ಲಿರುವ ಮಗನ ಮನೆಗೆ ಹೋದಾಗ ಮಾಡಿಸಿದ ಷೆಂಗೆನ್ ವೀಸಾ ಇನ್ನೂ ಇದೆ, ಅದೇ ಸಾಕೇ? ಯಾವ ತಿಂಗಳು ಒಳ್ಳೆಯದು?
— ತುಮಕೂರು

ಸಾಲದು. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಷೆಂಗೆನ್ ವ್ಯವಸ್ಥೆಯಲ್ಲಿ ಇಲ್ಲ. ನಿಮಗೆ ಬೇಕಾದದ್ದು ಐರ್ಲೆಂಡಿನದೇ ‘ಸಿ’ ವೀಸಾ, ಗರಿಷ್ಠ 90 ದಿನ. ಒಂದು ಸಲದ ಪ್ರವೇಶಕ್ಕೆ 60 ಯೂರೊ, ಹಲವು ಸಲಕ್ಕೆ 100. ಪ್ರಯಾಣದ ದಿನಕ್ಕೆ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆಗೆ ಹೊರಟವರು ಅಷ್ಟು ಮೊದಲೇ ಹಾಕುವುದು ಕ್ಷೇಮ. ಮಗಳ ಆಹ್ವಾನ ಪತ್ರ, ಆಕೆಯ ನಿವಾಸ ಪರವಾನಗಿ ಕಾರ್ಡಿನ ಪ್ರತಿ, ನಿಮ್ಮ ಆರು ತಿಂಗಳ ಬ್ಯಾಂಕ್ ಲೆಕ್ಕ, ಪಿಂಚಣಿ ದಾಖಲೆ ಇವು ಮುಖ್ಯ. ಎಡವಟ್ಟಾಗುವುದು ಹೆಚ್ಚಾಗಿ ಬ್ಯಾಂಕ್ ಲೆಕ್ಕದಲ್ಲಿ. ಅರ್ಜಿಗೆ ಹದಿನೈದು ದಿನ ಮುಂಚೆ ಯಾರೋ ನಾಲ್ಕು ಲಕ್ಷ ಜಮಾ ಮಾಡಿರುತ್ತಾರೆ, ಅದು ಎಲ್ಲಿಂದ ಬಂತೆಂದು ಒಂದು ಸಾಲಿನ ವಿವರಣೆಯೂ ಇರುವುದಿಲ್ಲ. ನಿಶ್ಚಿತ ಠೇವಣಿ ಮುರಿಸಿದ್ದರೆ ಅದರ ರಸೀದಿ ಲಗತ್ತಿಸಿ. ಹಿಂದೆ ಯಾವುದೇ ದೇಶ ವೀಸಾ ನಿರಾಕರಿಸಿದ್ದರೆ ಮುಚ್ಚಿಡಬೇಡಿ. ನಿರಾಕರಣೆಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ.

ಬ್ರಿಟನ್ನಿಗೂ ಹೋಗುವುದಿದ್ದರೆ ಒಂದೇ ವೀಸಾದಲ್ಲಿ ಎರಡೂ ದೇಶ ನೋಡುವ ಯೋಜನೆಯೊಂದು ಭಾರತೀಯರಿಗಿದೆ. ಆದರೆ ವೀಸಾದಲ್ಲಿ ‘ಬಿಐವಿಎಸ್’ ಎಂಬ ಗುರುತು ಇರಲೇಬೇಕು, ಮೊದಲು ಇಳಿಯುವುದೂ ವೀಸಾ ಕೊಟ್ಟ ದೇಶದಲ್ಲೇ ಆಗಬೇಕು.

ಡಬ್ಲಿನ್ ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಹ್ಯೂಸ್ಟನ್ ರೈಲು ನಿಲ್ದಾಣಕ್ಕೆ ಬನ್ನಿ. ಅಲ್ಲಿಂದ ವೆಸ್ಟ್‌ಪೋರ್ಟಿಗೆ ಸುಮಾರು ಮೂರೂಕಾಲು ಗಂಟೆ. ದಿನಕ್ಕೆ ಕೆಲವೇ ರೈಲು. ವಿಮಾನ ಇಳಿಯುವ ವೇಳೆ ಮತ್ತು ಸಂಜೆಯ ಕೊನೆಯ ರೈಲು ಇವೆರಡನ್ನೂ ಹೊಂದಿಸಿಕೊಂಡೇ ಟಿಕೆಟ್ ಕೊಳ್ಳಿ. ಹೊಂದದಿದ್ದರೆ ರಾತ್ರಿ ಡಬ್ಲಿನ್‌ನಲ್ಲಿ ಉಳಿಯಬೇಕಾಗುತ್ತದೆ. ಟಿಕೆಟನ್ನು ಆನ್‌ಲೈನಿನಲ್ಲಿ ಮುಂಚೆ ಕೊಂಡರೆ ಅಗ್ಗ.

ತಿಂಗಳು ಕೇಳಿದ್ದೀರಿ: ಮೇ, ಇಲ್ಲವೇ ಜೂನ್ ಮೊದಲರ್ಧ. ಮಳೆ ತುಲನೆಯಲ್ಲಿ ಕಡಿಮೆ, ಬೆಳಕು ರಾತ್ರಿ ಹತ್ತರ ಸುಮಾರಿನವರೆಗೆ. ಜುಲೈ, ಆಗಸ್ಟಿನಲ್ಲಿ ಕೋಣೆ ದುಬಾರಿ. ಡಿಸೆಂಬರಿನಲ್ಲಿ ಸೂರ್ಯ ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಂದು ನಾಲ್ಕೂಕಾಲರ ಆಚೀಚೆ ಹೋಗಿಬಿಡುತ್ತಾನೆ. ಹಿರಿಯರಿಗೆ ಆ ಕಾಲ ಬೇಡ. ಅಂದಹಾಗೆ ಛತ್ರಿ ಒಯ್ಯಬೇಡಿ. ಕಡಲ ಗಾಳಿಗೆ ಅದು ಮೊದಲ ದಿನವೇ ತಿರುಚಿಕೊಳ್ಳುತ್ತದೆ. ಟೊಪ್ಪಿಗೆ ಇರುವ ಮಳೆಯಂಗಿ, ಒಳಗೆ ಎರಡು ತೆಳು ಉಣ್ಣೆ ಬಟ್ಟೆ ಸಾಕು. ಫೋನ್ ಚಾರ್ಜರಿಗೆ ಅಲ್ಲಿನ ಚೌಕ ಮೂರು ಪಿನ್ನಿನ ಅಡಾಪ್ಟರ್ ಬೇಕು. ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್.

ಊರು ಚಿಕ್ಕದಂತೆ. ನೋಡಲು ಅರ್ಧ ದಿನ ಸಾಕಲ್ಲವೇ?
— ಮೈಸೂರು

ರಸ್ತೆಗಳನ್ನು ಸುತ್ತಿ ಮುಗಿಸಲು ಅರ್ಧ ದಿನ ಸಾಕು, ನೋಡಲು ಸಾಲದು. ಹಳೆಯ ಹಳ್ಳಿ ಮೂಲದಲ್ಲಿ ಜಮೀನ್ದಾರ ಬ್ರೌನ್ ಕುಟುಂಬದ ಮಹಲಿನ ಹತ್ತಿರವೇ ಇತ್ತು. ಮಹಲಿನ ಸುತ್ತ ಉದ್ಯಾನ ಬೇಕೆಂದು ಊರನ್ನೇ ಎತ್ತಿ ಈಗಿನ ಜಾಗಕ್ಕೆ ಸರಿಸಿದರು. ಕ್ಯಾರೋಬೆಗ್ ನದಿಗೆ ಎರಡೂ ಕಡೆ ಕಲ್ಲಿನ ಗೋಡೆ ಕಟ್ಟಿ, ದಡದಲ್ಲಿ ಮರದ ಸಾಲು ನೆಟ್ಟರು, ಅದೇ ‘ಮಾಲ್’. ನಮ್ಮೂರಿನ ಮಾಲ್ ನೆನೆದು ಅಂಗಡಿ ಹುಡುಕಬೇಡಿ. ಮೇಲ್ಗಡೆ ಎಂಟು ಮೂಲೆಯ ಚೌಕ, ‘ಆಕ್ಟಗನ್’. ಅದರ ನಡುವಿನ ಕಂಬದ ಮೇಲೆ 1845ರಲ್ಲಿ ಸ್ಥಳೀಯ ಬ್ಯಾಂಕರ್ ಒಬ್ಬನ ಪ್ರತಿಮೆ ನಿಲ್ಲಿಸಿದ್ದರು. ಈಗ ನಿಂತಿರುವುದು 1990ರಲ್ಲಿ ಬಂದ ಸಂತ ಪ್ಯಾಟ್ರಿಕ್.

ಅಂಗಡಿ ಬೀದಿಗಳಲ್ಲಿ ನಡೆಯುವಾಗ ಕಣ್ಣನ್ನು ಮೊದಲ ಅಂತಸ್ತಿಗೆ ಏರಿಸಿ. ಕೆಳಗಿನ ಅಂಗಡಿ ಮುಖ ಬದಲಾಗಿರುತ್ತದೆ. ಮೇಲೆ ಮರದ ಚೌಕಟ್ಟಿನ, ಮೇಲಕ್ಕೂ ಕೆಳಕ್ಕೂ ಜಾರುವ ಹಳೆಯ ಕಿಟಕಿಗಳು ಉಳಿದಿವೆ. ಕೆಲವದರ ಗಾಜು ಒಂದೇ ಮಟ್ಟವಿಲ್ಲದೆ ಎದುರಿನ ಕಟ್ಟಡದ ಬಿಂಬವನ್ನು ಅಲುಗಿಸುತ್ತದೆ. ಆ ಗಾಜು ಹಳೆಯದೆನ್ನಲು ಅದೇ ಗುರುತು.

ಮಹಲಿನ ಪೂರ್ವಮುಖವನ್ನು 1730ರ ದಶಕದಲ್ಲಿ ವಾಸ್ತುಶಿಲ್ಪಿ ರಿಚರ್ಡ್ ಕ್ಯಾಸಲ್ಸ್ ರೂಪಿಸಿದ. ಊಟದ ಕೋಣೆ ಜೇಮ್ಸ್ ವ್ಯಾಟ್‌ನದು. ಅಡಿಯಲ್ಲಿರುವುದು ಓ’ಮ್ಯಾಲಿ ವಂಶದ ಹಳೆಯ ಕೋಟೆಯ ಜಾಗ. 1593ರಲ್ಲಿ ಲಂಡನ್ನಿಗೆ ಹಡಗಿನಲ್ಲಿ ಹೋಗಿ ಮೊದಲನೇ ಎಲಿಜಬೆತ್ ರಾಣಿಯನ್ನು ಕಂಡು ಬಂದ ಗ್ರೇಸ್ ಓ’ಮ್ಯಾಲಿ ಇದೇ ವಂಶದವಳು. ಮಹಲು ದುರಸ್ತಿಗೆ ಮುಚ್ಚಿರುವುದುಂಟು, ಒಳಗೆ ಬಿಡುತ್ತಾರೆಯೇ ಎಂದು ಹೊರಡುವ ಮುನ್ನ ಕೇಳಿಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಸಂಜೆ ಪಬ್ಬಿನಲ್ಲಿ ಸಂಗೀತ ಕೇಳುವ ಆಸೆಯಿದ್ದರೆ ಬೇಗ ಹೋಗಿ: ಚಳಿಗಾಲದಲ್ಲಿ ರಾತ್ರಿ ಒಂಬತ್ತು, ಮೇ–ಸೆಪ್ಟೆಂಬರಿನಲ್ಲಿ ಹತ್ತು ಹೊಡೆದ ಮೇಲೆ ಮಕ್ಕಳು ಅಲ್ಲಿ ಇರುವಂತಿಲ್ಲ.

ವಯಸ್ಸು 64. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಈಗಲೂ ಹತ್ತುತ್ತೇನೆ. ಕ್ರೋ ಪ್ಯಾಟ್ರಿಕ್ ಹತ್ತಬಹುದೇ?
— ನಂಜನಗೂಡು

ಉಸಿರಿಗೆ ಚಾಮುಂಡಿಯ ಅಭ್ಯಾಸ ಸಾಕು, ಪಾದಕ್ಕೆ ಸಾಲದು. ಚಾಮುಂಡಿಯಲ್ಲಿ ಪ್ರತಿ ಹೆಜ್ಜೆಗೂ ಮೆಟ್ಟಿಲಿದೆ. ಕ್ರೋ ಪ್ಯಾಟ್ರಿಕ್ 764 ಮೀಟರ್. ಊರಿಂದ ಎಂಟು ಕಿಲೋಮೀಟರ್ ದೂರದ ಮರಿಸ್ಕ್‌ನಲ್ಲಿ, ಹೆಚ್ಚುಕಡಿಮೆ ಕಡಲ ಮಟ್ಟದಿಂದಲೇ ಹತ್ತಲು ಶುರು. ಅಂದರೆ ಬೆಟ್ಟದ ಪೂರಾ ಎತ್ತರವನ್ನೂ ಕಾಲಲ್ಲೇ ಗೆಲ್ಲಬೇಕು. ಹೋಗಿಬರಲು ಸುಮಾರು ಏಳು ಕಿಲೋಮೀಟರ್, ಮೂರೂವರೆಯಿಂದ ನಾಲ್ಕು ಗಂಟೆ.

ದಾರಿ ಮೂರು ತುಂಡು. ಮೊದಲನೆಯದು ತೊರೆಯ ಪಕ್ಕದ ಕಲ್ಲುಹಾದಿ, ಒಂದೇ ಸಮನೆ ಏರು. ಎರಡನೆಯದು ಬೆಟ್ಟದ ಹೆಗಲು: ಬಹುಪಾಲು ಸಮತಟ್ಟು, ಗಾಳಿ ಜೋರು. ಮೂರನೆಯದು ಶಂಕುವಿನಂಥ ತುದಿ. ಅಲ್ಲಿ ಸಡಿಲ ಹರಳುಗಲ್ಲು. ಇತ್ತೀಚೆಗೆ ಕಲ್ಲು ಜೋಡಿಸಿ ದಾರಿ ಭದ್ರಪಡಿಸಿದ್ದಾರೆ, ಆದರೂ ಒದ್ದೆಯಾದರೆ ಜಾರುತ್ತದೆ. ಹತ್ತುವಾಗ ಸುಸ್ತಾಗುತ್ತದೆ, ಪೆಟ್ಟಾಗುವುದು ಇಳಿಯುವಾಗ. ದಣಿದ ಮಂಡಿ ಹಿಡಿತ ಬಿಟ್ಟು, ಕಾಲಡಿಯ ಕಲ್ಲು ಉರುಳಿ, ಹರಡು ಉಳುಕುತ್ತದೆ. ಹಾಗಾಗಿ ಹರಡು ಮುಚ್ಚುವ ಬೂಟು ಮತ್ತು ಒಂದು ಊರುಗೋಲು ಇಲ್ಲದೆ ಹೋಗಬೇಡಿ. ಒಂದೂವರೆ ಲೀಟರ್ ನೀರು, ಮಳೆಯಂಗಿ, ಒಂದು ಹೆಚ್ಚುವರಿ ಬೆಚ್ಚನೆ ಬಟ್ಟೆ ಇರಲಿ. ತುದಿಯಲ್ಲಿ ಕೆಳಗಿಗಿಂತ ನಾಲ್ಕೈದು ಡಿಗ್ರಿ ತಂಪು, ಮೇಲೆ ಗಾಳಿ.

ನಮ್ಮ ಸಲಹೆ: ಹೆಗಲಿನವರೆಗೆ ಹೋಗಿ. ಕ್ಲೂ ಬೇ ಕೊಲ್ಲಿ ಅಲ್ಲಿಂದಲೇ ಕಾಣುತ್ತದೆ. ಕೊಲ್ಲಿಯಲ್ಲಿ ದಿನಕ್ಕೊಂದರಂತೆ 365 ದ್ವೀಪ ಎನ್ನುತ್ತಾರೆ, ಎಣಿಸಿದರೆ ಅಷ್ಟಿಲ್ಲ. ಹಿಮನದಿಗಳು ಬಿಟ್ಟುಹೋದ ಮಣ್ಣುಗುಡ್ಡೆಗಳ ಸುತ್ತ ಕಡಲು ಏರಿ ಆದದ್ದು ಅವು. ಅಲ್ಲಿ ನಿಂತು ತುದಿ ನೋಡಿ. ಮೋಡ ಮುಚ್ಚಿದ್ದರೆ ತಿರುಗಿಬಿಡಿ. ತೆರೆದಿದ್ದು ಮಂಡಿ ಒಪ್ಪಿದರೆ ಮುಂದೆ, 1905ರಲ್ಲಿ ಕಟ್ಟಿದ ಬಿಳಿ ಪ್ರಾರ್ಥನಾ ಮಂದಿರ ತುದಿಯಲ್ಲಿದೆ. ಜುಲೈ ಕೊನೆಯ ಭಾನುವಾರ ಯಾತ್ರೆಯ ದಿನ. ಸಾವಿರಾರು ಜನ, ಕೆಲವರು ಬರಿಗಾಲಿನಲ್ಲಿ, ಹತ್ತುತ್ತಾರೆ. ನೋಡಲು ಚೆನ್ನ, ಮೊದಲ ಸಲ ಹತ್ತುವವರಿಗೆ ಅಲ್ಲ, ಏಕೆಂದರೆ ಮೇಲಿನವರ ಕಾಲಿನಿಂದ ಕಲ್ಲು ಉರುಳಿ ಬರುತ್ತದೆ. ಅಪಾಯವಾದರೆ 112 ಅಥವಾ 999ಕ್ಕೆ ಕರೆ ಮಾಡಿ ‘ಮೌಂಟನ್ ರೆಸ್ಕ್ಯೂ’ ಎನ್ನಿ.

ಹತ್ತದವರು ಬೆಟ್ಟದ ಬುಡದಲ್ಲೇ ಇರುವ ಬರಗಾಲ ಸ್ಮಾರಕ ನೋಡಬಹುದು. 1997ರಲ್ಲಿ ನಿಲ್ಲಿಸಿದ, ಜಾನ್ ಬೇಹನ್ ಮಾಡಿದ ಕಂಚಿನ ಹಡಗು. ಹಾಯಿಹಗ್ಗಗಳ ಜಾಗದಲ್ಲಿ ಅಸ್ಥಿಪಂಜರಗಳಿವೆ.

ಒಂಬತ್ತು ವರ್ಷದ ಮಗನ ಜೊತೆ ಗ್ರೀನ್‌ವೇನಲ್ಲಿ ಸೈಕಲ್ ಹೊಡೆಯಬೇಕು. 42 ಕಿಲೋಮೀಟರ್ ಆಗುತ್ತದೆಯೇ?
— ಡಬ್ಲಿನ್

ಪೂರ್ತಿ ಬೇಡ. ಗ್ರೀನ್‌ವೇ ಎಂದರೆ ಹಳೆಯ ರೈಲು ಮಾರ್ಗದ ಮೇಲಿನ ಸೈಕಲ್, ನಡಿಗೆ ದಾರಿ. ವೆಸ್ಟ್‌ಪೋರ್ಟಿನಿಂದ ನ್ಯೂಪೋರ್ಟಿಗೆ 11, ಅಲ್ಲಿಂದ ಮಲ್ರನಿಗೆ 18, ಮುಂದೆ ಅಕಿಲ್‌ಗೆ 13 ಕಿಲೋಮೀಟರ್. ಮಧ್ಯದ ಭಾಗ ಆರಿಸಿಕೊಳ್ಳಿ, ಅದೂ ಮಲ್ರನಿಯಿಂದ ನ್ಯೂಪೋರ್ಟಿನ ಕಡೆಗೆ. ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಪೂರ್ವಕ್ಕೆ ಬರುವವರ ಬೆನ್ನು ತಳ್ಳುತ್ತದೆ. ಎದುರುಗಾಳಿಯಲ್ಲಿ 18 ಕಿಲೋಮೀಟರ್ ತುಳಿದ ಮಗು ಮತ್ತೆ ಸೈಕಲ್ ಮುಟ್ಟಲಿಕ್ಕಿಲ್ಲ! ಬಾಡಿಗೆ ಅಂಗಡಿಯವರು ನಿಮ್ಮನ್ನೂ ಸೈಕಲನ್ನೂ ವ್ಯಾನಿನಲ್ಲಿ ಒಯ್ದು ಬಿಡುತ್ತಾರೆ. ಕೊನೆಯ ವ್ಯಾನು ಎಷ್ಟು ಗಂಟೆಗೆಂದು ಹಣ ಕೊಡುವ ಮುನ್ನವೇ ಕೇಳಿ. ದಾರಿಯ ಬಹುಭಾಗ ರೈತರು ಒಪ್ಪಿಗೆ ಕೊಟ್ಟ ಹೊಲಗಳ ನಡುವೆ ಹೋಗುತ್ತದೆ. ದನಕರುಗಳ ಗೇಟು ತೆರೆದದ್ದಾದರೆ ಮುಚ್ಚಿಯೇ ಮುಂದೆ ಹೋಗಿ.

ಇದು 1937ರಲ್ಲಿ ನಿಂತುಹೋದ ಅಕಿಲ್ ರೈಲು ಮಾರ್ಗ. ಬೆಂಕಿಯ ಗಾಡಿ ಮೊದಲ ಸಲವೂ ಕೊನೆಯ ಸಲವೂ ಹೆಣ ಹೊತ್ತು ಬರುತ್ತದೆಂದು ಹಿಂದೊಬ್ಬ ಕಾಲಜ್ಞಾನಿ ಹೇಳಿದ್ದನೆಂಬ ಮಾತು ಅಲ್ಲಿದೆ. ಕತೆ ಹೇಗೇ ಇರಲಿ, 1894ರಲ್ಲಿ ಕೊಲ್ಲಿಯಲ್ಲಿ ಮುಳುಗಿದ ಕೂಲಿಕಾರರನ್ನೂ 1937ರಲ್ಲಿ ಸ್ಕಾಟ್ಲೆಂಡಿನ ಬೆಂಕಿ ಅನಾಹುತದಲ್ಲಿ ಸತ್ತ ಹತ್ತು ಹುಡುಗರನ್ನೂ ಊರಿಗೆ ತಂದದ್ದು ಈ ಮಾರ್ಗವೇ.

ವೆಸ್ಟ್‌ಪೋರ್ಟಿನಲ್ಲಿ ಹಳೆಯ ಕಲ್ಲಿನ ಮನೆಯ ಮೊದಲ ಅಂತಸ್ತು ಬಾಡಿಗೆಗೆ ಹಿಡಿದಿದ್ದೇವೆ. ನವೆಂಬರಿನಿಂದ ಮಲಗುವ ಕೋಣೆಯ ಗೋಡೆಗೆ ಕಪ್ಪು ಬೂಷ್ಟು. ಮಾಲೀಕರು ಕಿಟಕಿ ತೆರೆಯಿರಿ ಎನ್ನುತ್ತಾರೆ, ತೆರೆದರೆ ಚಳಿ. ತಪ್ಪು ಯಾರದು?
— ವೆಸ್ಟ್‌ಪೋರ್ಟ್

ತಪ್ಪು ಯಾರದೆನ್ನುವ ಮೊದಲು ತೇವ ಎಲ್ಲಿಂದ ಬಂತೆಂದು ಗುರುತಿಸಬೇಕು. ಮೂರು ದಾರಿಯಿದೆ, ಮೂರರ ಗುರುತೂ ಬೇರೆ. ಬೀರುವಿನ ಹಿಂದೆ, ಮೂಲೆಯಲ್ಲಿ, ಕಿಟಕಿ ಸುತ್ತ ಕಪ್ಪು ಚುಕ್ಕಿಗಳಾಗಿ ಹರಡಿದ್ದರೆ ಅದು ಒಳಗಿನ ಆವಿ ತಣ್ಣನೆ ಗೋಡೆಗೆ ತಾಗಿ ನೀರಾದದ್ದು. ಗಾಳಿಮಳೆ ಬಂದ ಮರುದಿನ ದೊಡ್ಡದಾಗುವ, ಅಂಚು ಕಂದಾದ ಮಚ್ಚೆಯಾದರೆ ಹೊರಗಿನ ನೀರು ಒಳಬರುತ್ತಿದೆ: ಒಡೆದ ಗಟರ್, ಜಾರಿದ ಹಂಚು, ಚಿಮಣಿಯ ಬುಡದ ಸೀಸದ ತಗಡು ಇವುಗಳಲ್ಲೊಂದು. ನೆಲದಿಂದ ಒಂದು ಮೀಟರ್ ಒಳಗೆ, ಬಿಳಿ ಉಪ್ಪಿನ ಹುಡಿಯೊಂದಿಗೆ ಕಂಡರೆ ನೆಲದ ತೇವ. ನೀವು ಮೇಲಿರುವುದರಿಂದ ಇದನ್ನು ಬಿಡಬಹುದು. ಮೊದಲನೆಯದರಲ್ಲಿ ನಿಮ್ಮ ಪಾಲೂ ಇದೆ, ಎರಡನೆಯದು ಪೂರಾ ಮಾಲೀಕರದು.

ಮೊದಲನೆಯದೇ ಎಂದುಕೊಳ್ಳೋಣ. ಅರ್ಧ ಮೀಟರ್ ದಪ್ಪದ ಕಲ್ಲುಗೋಡೆ ಬೆಚ್ಚಗಾಗಲು ದಿನಗಟ್ಟಲೆ ಬೇಕು. ಸಂಜೆ ಎರಡು ಗಂಟೆ ಹೀಟರ್ ಹಾಕಿ ಆರಿಸಿದರೆ ಬೆಚ್ಚಗಾಗುವುದು ಗಾಳಿ ಮಾತ್ರ, ಗೋಡೆ ತಣ್ಣಗೇ ಇರುತ್ತದೆ, ಬೆಚ್ಚನೆ ಗಾಳಿ ಹೊತ್ತ ಆವಿಯೆಲ್ಲ ಅದರ ಮೇಲೆ ಕೂರುತ್ತದೆ. ಹೀಟರನ್ನು 16–17 ಡಿಗ್ರಿಯಲ್ಲಿ ಹೆಚ್ಚು ಹೊತ್ತು ಇಡುವುದು ಹಳೆಯ ಮನೆಗೆ ಸರಿ. ಬೀರುವನ್ನು ಹೊರಗೋಡೆಯಿಂದ ಹತ್ತು ಸೆಂಟಿಮೀಟರ್ ಸರಿಸಿ.

ಇನ್ನು ಆವಿಯ ಮೂಲ ನಮ್ಮ ಅಡುಗೆಮನೆ. ಕುಕ್ಕರಿನ ಸೀಟಿ, ಸಾರಿನ ಕುದಿ, ಇಡ್ಲಿ ಪಾತ್ರೆ: ಐರಿಷ್ ಮನೆಯ ಓವನ್ ಅಡುಗೆಗಿಂತ ಹಬೆ ಎಷ್ಟೋ ಹೆಚ್ಚು. ಒಲೆ ಮೇಲಿನ ಫ್ಯಾನಿನ ಹಿಂದೆ ಕೊಳವೆ ಇದೆಯೇ ನೋಡಿ. ಅನೇಕ ಹಳೆಯ ಮನೆಗಳಲ್ಲಿ ಅದು ಇದ್ದಿಲ ಜಾಲರಿಯಲ್ಲಿ ಸೋಸಿ ಅದೇ ಗಾಳಿಯನ್ನು ತಿರುಗಿ ಕೋಣೆಗೇ ಬಿಡುತ್ತದೆ. ವಾಸನೆ ಕಡಿಮೆಯಾಗುತ್ತದೆ, ನೀರಾವಿ ಒಂದು ಹನಿಯೂ ಹೊರಹೋಗುವುದಿಲ್ಲ. ಒಗೆದ ಬಟ್ಟೆ ಒಂದು ಕಂತು ಒಳಗೆ ಒಣಗಿದರೆ ಸುಮಾರು ಎರಡು ಲೀಟರ್ ನೀರು ಗಾಳಿ ಸೇರುತ್ತದೆ. ಒಂದು ಚಿಕ್ಕ ತೇವಮಾಪಕ ತಂದಿಡಿ. ಶೇಕಡಾ 60ರ ಮೇಲೆ ದಿನವಿಡೀ ನಿಂತರೆ ಬೂಷ್ಟು ಬರುವ ಸಂಭವ ಹೆಚ್ಚು. ದಿನಕ್ಕೆ ಎರಡು ಸಲ, ಎದುರುಬದುರು ಕಿಟಕಿ ಹತ್ತು ನಿಮಿಷ ಪೂರ್ತಿ ತೆರೆಯಿರಿ. ದಿನವಿಡೀ ಸಂದು ಬಿಡುವುದಕ್ಕಿಂತ ಇದು ಮೇಲು, ಗೋಡೆ ತಣ್ಣಗಾಗುವುದಿಲ್ಲ. ತೇವ ಹೀರುವ ಯಂತ್ರ ಕೊಳ್ಳುವುದಾದರೆ ಕಂಪ್ರೆಸರ್ ಮಾದರಿ 15 ಡಿಗ್ರಿಗಿಂತ ತಣ್ಣನೆ ಕೋಣೆಯಲ್ಲಿ ಸರಿಯಾಗಿ ದುಡಿಯುವುದಿಲ್ಲ. ತೇವ ಹೀರುವ ವಸ್ತು ಬಳಸುವ ಡೆಸಿಕೆಂಟ್ ಮಾದರಿ ತನ್ನಿ.

ಗೋಡೆಯ ಗಾಳಿಗಿಂಡಿಗೆ ಬಟ್ಟೆ ತುರುಕುವ ಅಭ್ಯಾಸ ಅಲ್ಲಿ ಬಹಳ. ಆ ಕೋಣೆಯಲ್ಲಿ ಕಟ್ಟಿಗೆ ಅಥವಾ ಅನಿಲದ ಒಲೆಯಿದ್ದರೆ ಅದು ಜೀವಕ್ಕೇ ಅಪಾಯ, ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಕಿಂಡಿಯ ಬಟ್ಟೆ ತೆಗೆದು, ಎಚ್ಚರಿಕೆ ಗಂಟೆ ಇದೆಯೇ ನೋಡಿ. ಇರುವ ಬೂಷ್ಟನ್ನು ಒಣ ಪೊರಕೆಯಿಂದ ಉಜ್ಜಬೇಡಿ, ಬೀಜಕಣ ಮನೆಯಿಡೀ ಹಾರುತ್ತದೆ; ಬೂಷ್ಟುನಾಶಕ ದ್ರಾವಣದಲ್ಲಿ ಒದ್ದೆ ಮಾಡಿಯೇ ಒರೆಸಿ.

ಕಾನೂನಿನ ಮಾತು: 2019ರ ಬಾಡಿಗೆ ಮನೆ ಮಾನದಂಡದ ಪ್ರಕಾರ ಮನೆ ತೇವಮುಕ್ತವಾಗಿರಬೇಕು, ಪ್ರತಿ ಕೋಣೆಗೂ ಗಾಳಿಯ ದಾರಿ ಇರಬೇಕು. ದಿನಾಂಕ ಸಹಿತ ಫೋಟೊ, ತೇವಮಾಪಕದ ಅಂಕಿ ಸೇರಿಸಿ ಮಾಲೀಕರಿಗೆ ಲಿಖಿತವಾಗಿ ಕಳಿಸಿ. ಕದಲದಿದ್ದರೆ ಮೇಯೋ ಕೌಂಟಿ ಕೌನ್ಸಿಲ್‌ಗೆ ತಪಾಸಣೆ ಕೇಳಿ, ಅಥವಾ ಬಾಡಿಗೆ ಮಂಡಳಿ ಆರ್‌ಟಿಬಿಗೆ ದೂರು ಕೊಡಿ. ಬಾಡಿಗೆ ನಿಲ್ಲಿಸಬೇಡಿ, ನ್ಯಾಯ ನಿಮ್ಮದಿದ್ದರೂ ಅಲ್ಲಿ ಸೋಲುತ್ತೀರಿ.

ಪಟ್ಟಣದ ನಡುವೆ ಖಾಲಿ ಬಿದ್ದಿರುವ ಹಳೆಯ ಕಟ್ಟಡ ಕೊಳ್ಳುವ ಯೋಚನೆಯಿದೆ. ಕಿಟಕಿ ಬದಲಿಸಿ, ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದರೆ ಸಾಕೆಂದು ಮೇಸ್ತ್ರಿ ಹೇಳಿದ್ದಾರೆ.
— ಕ್ಯಾಸಲ್‌ಬಾರ್

ಆ ಮೇಸ್ತ್ರಿಗೆ ಮುಂಗಡ ಕೊಡಬೇಡಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದ ನಮ್ಮ ತೊಟ್ಟಿಮನೆಗಳಿಗೆ ಏನಾಯಿತೋ ಅಲ್ಲೂ ಅದೇ ಆಗುತ್ತದೆ. ಸುಣ್ಣದ ಸಂದು ಮಳೆನೀರು ಕುಡಿದು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಬಿಡುವುದಿಲ್ಲ, ಕೂದಲೆಳೆ ಬಿರುಕಿನಲ್ಲಿ ಒಳಹೊಕ್ಕ ನೀರು ಹಿಂದೆಯೇ ಸಿಕ್ಕಿಬಿದ್ದು ಒಳಕ್ಕೆ ಸರಿಯುತ್ತದೆ, ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ಕೊಳ್ಳುವ ಮುನ್ನ ಸರ್ವೇಯರ್‌ಗೆ ಹೇಳಬೇಕಾದ ಮೊದಲ ಮಾತೇ ಇದು: ತೊಲೆಯ ತುದಿಗಳನ್ನು ಚುಚ್ಚಿ ನೋಡಿ. ಸಂದು ತುಂಬಲು, ನೀರು ಸೇರಿದರೆ ಗಟ್ಟಿಯಾಗುವ ನೈಸರ್ಗಿಕ ಹೈಡ್ರಾಲಿಕ್ ಸುಣ್ಣ ಒಂದು ಪಾಲಿಗೆ ಒರಟು ಮರಳು ಎರಡೂವರೆಯಿಂದ ಮೂರು ಪಾಲು ಸಾಮಾನ್ಯ. ಉಷ್ಣಾಂಶ ಐದು ಡಿಗ್ರಿಗಿಂತ ಕೆಳಗಿದ್ದರೆ ಕೆಲಸ ಬೇಡ; ಹಸಿ ಸುಣ್ಣಕ್ಕೆ ಮಂಜು ತಾಗಿದರೆ ಪುಡಿಪುಡಿ. ಹೊರಗೋಡೆಯ ಕೆಲಸವನ್ನು ಏಪ್ರಿಲ್–ಸೆಪ್ಟೆಂಬರಿಗೆ ಇಟ್ಟುಕೊಂಡು, ಮುಗಿದದ್ದಕ್ಕೆ ಒದ್ದೆ ಗೋಣಿ ಹೊದಿಸಬೇಕು.

ಕಟ್ಟಡ ಕೌಂಟಿಯ ಸಂರಕ್ಷಿತ ಪಟ್ಟಿಯಲ್ಲಿದೆಯೇ, ಸಂರಕ್ಷಣಾ ವಲಯದೊಳಗಿದೆಯೇ ಎಂದು ಕೌನ್ಸಿಲ್ಲಿನಲ್ಲಿ ನೋಡಿ. ಸಂರಕ್ಷಿತವಾದರೆ ಹೊರಗಷ್ಟೇ ಅಲ್ಲ, ಒಳಗಿನ ಮೆಟ್ಟಿಲು, ಬಾಗಿಲು, ಛಾವಣಿಯ ಗಾರೆ ಹೂಬಳ್ಳಿಯೂ ಸೇರುತ್ತದೆ. ಪಿವಿಸಿ ಕಿಟಕಿ ಹಾಕಿಸಿದಿರೋ, ಅದು ಅಪರಾಧ, ತೆಗೆಸುತ್ತಾರೆ. 2000ದ ಯೋಜನಾ ಕಾಯ್ದೆಯ 57ನೇ ವಿಧಿಯಂತೆ, ಯಾವ ಕೆಲಸಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ಮಾಲೀಕರು ಬರೆದು ಕೇಳಬಹುದು. ಉತ್ತರಕ್ಕೆ ಹನ್ನೆರಡು ವಾರದ ಗಡುವು. ಹಳೆಯ ಜಾರುಕಿಟಕಿಯನ್ನು ಎಸೆಯುವ ಅಗತ್ಯವೂ ಅಪರೂಪ. ಹಗ್ಗ, ತೂಕದ ಗುಂಡು ಬದಲಿಸಿ, ಸಂದಿಗೆ ಬ್ರಷ್ ಪಟ್ಟಿ ಕೂರಿಸಿ, ಒಳಗಡೆ ಎರಡನೇ ಗಾಜು ಹಾಕಿದರೆ ಚಳಿಯೂ ಸದ್ದೂ ಎಷ್ಟೋ ಕಡಿಮೆ.

2007ರವರೆಗೆ ಕಟ್ಟಿದ, ಎರಡು ವರ್ಷದಿಂದ ಖಾಲಿ ಇರುವ ಕಟ್ಟಡವನ್ನು ವಾಸಕ್ಕೆ ದುರಸ್ತಿ ಮಾಡಿಸಿದರೆ 50,000 ಯೂರೊವರೆಗೆ, ಪಾಳುಬಿದ್ದದ್ದಾದರೆ 70,000ದವರೆಗೆ ಸಹಾಯಧನವಿದೆ. ಹಳೆಯ ವಿದ್ಯುತ್ ಬಿಲ್ಲು ಖಾಲಿ ಇದ್ದುದಕ್ಕೆ ಸಾಕ್ಷಿ. ಎರಡು ಕಡೆ ಜನ ಎಡವುತ್ತಾರೆ: ಮಂಜೂರಾತಿಗೆ ಮೊದಲು ಕೆಲಸ ಶುರುಮಾಡಿದರೆ ಹಣವಿಲ್ಲ, ಮಂಜೂರಾದರೂ ಹಣ ಬರುವುದು ಕೆಲಸ ಮುಗಿದು ತಪಾಸಣೆಯಾದ ಮೇಲೆ, ಅಲ್ಲಿಯವರೆಗೆ ಕೈಯಿಂದ ಅಥವಾ ಸಾಲದಿಂದ ಹಾಕಬೇಕು. ಐದು ವರ್ಷದೊಳಗೆ ಮಾರಿದರೆ ಪೂರ್ತಿ, ಐದರಿಂದ ಹತ್ತರೊಳಗೆ ಮಾರಿದರೆ ಮುಕ್ಕಾಲು ಭಾಗ ವಾಪಸು. ವಿಮೆಯ ದರವನ್ನೂ ಕೊಳ್ಳುವ ಮುಂಚೆಯೇ ಕೇಳಿ. ಸಂರಕ್ಷಿತ ಕಟ್ಟಡಕ್ಕೆ ಎಲ್ಲ ಕಂಪನಿಗಳೂ ವಿಮೆ ಕೊಡುವುದಿಲ್ಲ.

ಭಾರತದ ಲೈಸೆನ್ಸಿನಲ್ಲಿ ಕಾರು ಓಡಿಸಬಹುದೇ?
— ವೆಸ್ಟ್‌ಪೋರ್ಟ್

ಪ್ರವಾಸಿಯಾಗಿ ಬಂದವರು ಓಡಿಸಬಹುದು. ನೆಲೆಸಲು ಬಂದವರಿಗೆ ಅದು ನಡೆಯುವುದಿಲ್ಲ, ಬದಲಿ ಲೈಸೆನ್ಸ್ ಕೊಡುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಥಿಯರಿ ಪರೀಕ್ಷೆ, ಕಲಿಕಾ ಪರವಾನಗಿ, ತರಬೇತಿ ಪಾಠ, ರಸ್ತೆ ಪರೀಕ್ಷೆ ಎಲ್ಲವೂ ಹೊಸದಾಗಿ. ಪರೀಕ್ಷೆಗೆ ಸರದಿ ಉದ್ದ, ಬಂದ ತಿಂಗಳೇ ಶುರುಮಾಡಿ.

ಕಸದ ಗಾಡಿ ಬರುವುದೇ ಇಲ್ಲ. ಯಾರಿಗೆ ದೂರಬೇಕು?
— ವೆಸ್ಟ್‌ಪೋರ್ಟಿಗೆ ಹೊಸದಾಗಿ ಬಂದವರು

ದೂರಿ ಫಲವಿಲ್ಲ. ಅಲ್ಲಿ ಕಸ ಒಯ್ಯುವುದು ಪುರಸಭೆಯಲ್ಲ, ಖಾಸಗಿ ಕಂಪನಿಗಳು; ನೀವೇ ಹಣ ಕಟ್ಟಿ ಸೇರಬೇಕು. ಮಾಮೂಲಿ ಕಸ, ಮರುಬಳಕೆಯ ವಸ್ತು, ಅಡುಗೆ ಕಸ ಹೀಗೆ ಬೇರೆಬೇರೆ ಡಬ್ಬ. ಮರುಬಳಕೆಯದರಲ್ಲಿ ಎಣ್ಣೆ ಜಿಡ್ಡಿನ ಡಬ್ಬಿ ಹಾಕಿದರೆ ಎತ್ತದೆ ಬಿಟ್ಟುಹೋಗಬಹುದು, ಉಪ್ಪಿನಕಾಯಿ ಶೀಸೆ, ತುಪ್ಪದ ಡಬ್ಬಿ ತೊಳೆದು ಹಾಕಿ. ಅದರಲ್ಲೂ ಗಾಜಿನ ಶೀಸೆ ಮನೆ ಡಬ್ಬಕ್ಕಲ್ಲ, ಊರಿನ ಗಾಜು ಸಂಗ್ರಹ ತೊಟ್ಟಿಗೆ. ಮನೆ ಮಾಲೀಕರು ಕಸದ ಹಣ ಬಾಡಿಗೆಯಲ್ಲೇ ಸೇರಿಸಿದ್ದಾರೆಯೇ ಎಂದು ಮೊದಲು ಕರಾರು ಪತ್ರ ನೋಡಿಕೊಳ್ಳಿ.